ಎರೆಯ ಸೀಮೆಯ ಮೃಗ-ಪಶುಗಳು

ಆದವಾನಿಯ ಚರಿತ್ರೆಯನ್ನು ಬರೆದವರೆಲ್ಲರೂ ಅಲ್ಲಿಯ ಕೋಟೆಯಿಂದ ಆರಂಭಿಸುವುದು ವಾಡಿಕೆ. ವಿಜಯನಗರದ ಅರಸರು, ಬಿಜಾಪುರದ ಸುಲ್ತಾನರು, ಸಿದ್ದಿ ಮಸೂದಖಾನ, ಬಸಾಲತ್‌ಜಂಗ್, ೧೭೮೬ರಲ್ಲಿ ಮುತ್ತಿಗೆ ಹಾಕಿದ ಟಿಪ್ಪು, ೧೮೦೦ರಲ್ಲಿ ಸೀಮೆಯನ್ನು ಪಡೆದ ಕುಂಪಣಿ ಸರಕಾರ, ಹೀಗೆ ಒಡೆಯರ ಹೆಸರುಗಳು ಒಂದರ ಬೆನ್ನಿಗೊಂದು ಬರುತ್ತವೆ. ೧೯೫೩ನೆಯ ಇಸವಿ ಅಕ್ಟೋಬರ್ ೧ರಂದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರರಾಜ್ಯಕ್ಕೆ ಸೇರಿದಲ್ಲಿಗೆ ಆ ಕಥೆ ಮುಗಿಯುತ್ತದೆ. ನಾವೂ ಈ ಚರಿತ್ರೆಯನ್ನೇ ಓದಿ ಬೆಳೆದವರು. ಅದರಲ್ಲಿ ಮನುಷ್ಯನ ಹೊರತು ಮತ್ತಾವ ಪ್ರಾಣಿಗೂ ಸ್ಥಾನವಿಲ್ಲವೆಂಬುದು ಬಹುಕಾಲ ನಮಗೆ ಹೊಳೆದೇ ಇರಲಿಲ್ಲ.

ಹೊಳೆಯದಿದ್ದುದಕ್ಕೆ ಕಾರಣವೂ ಉಂಟು. ಆದವಾನಿಗೂ ಎಮ್ಮಿಗನೂರಿಗೂ ನಡುವೆ ಪೆದ್ದಕಡುಬೂರಿನ ಬಯಲಿನಲ್ಲಿ ನಿಂತು ನಾಲ್ಕು ದಿಕ್ಕಿಗೆ ಕಣ್ಣು ಹಾಯಿಸಿದರೆ ಕಾಣುವುದೇನು? ಕಪ್ಪು ಎರೆಹೊಲ, ಹತ್ತಿ, ಜೋಳ, ಕಡಲೆ; ಅಲ್ಲೊಂದು ಇಲ್ಲೊಂದು ಬೇವಿನ ಮರ, ಬದುವಿನ ಮೇಲೆ ಜಾಲಿ, ದೂರದಲ್ಲಿ ಬೋಳು ಗುಡ್ಡ. ಕಾಡೆಂಬುದೇ ಇಲ್ಲದ ಮೇಲೆ ಕಾಡುಮೃಗವೆಲ್ಲಿಯದು? ಎತ್ತು, ಎಮ್ಮೆ, ಕುರಿ, ಕತ್ತೆ, ನಾಯಿ, ಇಷ್ಟೇ ಈ ಸೀಮೆಯ ಪ್ರಾಣಿಸಂಪತ್ತು ಎಂದು ಯಾರಾದರೂ ಹೇಳಿದರೆ ನಾವು ತಲೆಯಾಡಿಸುತ್ತಿದ್ದೆವು. ಎಮ್ಮಿಗನೂರು ಎಂಬ ಹೆಸರಿನಲ್ಲಿ ನಮ್ಮ ಕಿವಿಗೆ ಎಮ್ಮೆಯೇ ಕೇಳಿಸುತ್ತದೆ. ಶಬ್ದಶಾಸ್ತ್ರಜ್ಞರು ಒಪ್ಪದಿದ್ದರೆ ನಾವು ಹಟ ಹಿಡಿಯುವವರಲ್ಲ.

ಈ ನಂಬಿಕೆ ಎಷ್ಟು ತಪ್ಪೆಂಬುದನ್ನು ಮೊದಲು ತೋರಿಸಿಕೊಡುವುದು ಹಳೆಯ ಕರ್ನೂಲು ಜಿಲ್ಲೆಯ ಪೂರ್ವಭಾಗದಲ್ಲಿ, ಬೇತಂಚೆರ್ಲದ ಬಳಿಯಿರುವ ಬಿಲ್ಲಸುರ್ಗಂ ಎಂಬ ಸುಣ್ಣಕಲ್ಲಿನ ಗವಿಗಳು. (೨೦೨೨ರಲ್ಲಿ ಜಿಲ್ಲೆಗಳನ್ನು ವಿಂಗಡಿಸಿದಾಗ ಆ ಭಾಗ ನಂದ್ಯಾಲ ಜಿಲ್ಲೆಗೆ ಸೇರಿತು.) ಕ್ಯಾಪ್ಟನ್ ನ್ಯೂಬೋಲ್ಡನು ೧೮೪೪ರಲ್ಲಿ ಈ ಗವಿಗಳಲ್ಲಿ ಹಳೆಯ ಎಲುಬುಗಳಿರುವ ಸಂಗತಿಯನ್ನು ಪ್ರಕಟಪಡಿಸಿದನು. ಅನಂತರ ನಾಲ್ಕು ದಶಕಗಳ ಕಾಲ ಯಾರೂ ಅತ್ತ ತಿರುಗಿ ನೋಡಲಿಲ್ಲ. ಡಾರ್ವಿನ್ನನ ಮಿತ್ರನಾದ ಹಕ್ಸ್ಲಿಯು ಮದರಾಸಿನ ಗವರ್ನರನಿಗೆ ಈ ಗವಿಗಳನ್ನು ಶೋಧಿಸಬೇಕೆಂದು ಸೂಚಿಸಿದ ಮೇಲೆ, ೧೮೮೩-೮೫ರಲ್ಲಿ ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟನೂ ಅವನ ಮಗ ಹೆನ್ರಿಯೂ ಗವಿಗಳ ನೆಲವನ್ನು ಪದರ ಪದರವಾಗಿ ಅಗೆಸಿದರು. ದೊರೆತ ಎಲುಬುಗಳನ್ನು ಪರೀಕ್ಷಿಸಿದ ಲಿಡೆಕ್ಕರನು ೧೮೮೬ರಲ್ಲಿ ಪಟ್ಟಿಯನ್ನು ಮುದ್ರಿಸಿದಾಗ ಅದರಲ್ಲಿ ಖಡ್ಗಮೃಗವಿತ್ತು! ಕತ್ತೆಕಿರುಬ, ಕಾಡುಕತ್ತೆಗಳ ಜಾತಿಯವೂ, ಆಫ್ರಿಕದ ಬಬೂನುಗಳಿಗೆ ಹತ್ತಿರವಾದ ಒಂದು ಕಪಿಯೂ ಅದರಲ್ಲಿದ್ದವು. ಆ ಖಡ್ಗಮೃಗವು ಬೇರೆಲ್ಲಿಯೂ ಕಾಣದ ಜಾತಿಯೆಂದು ಎಣಿಸಿ ಅವನು ಅದಕ್ಕೆ ‘ಕರ್ನೂಲಿಯೆನ್ಸಿಸ್’ ಎಂದು ನಮ್ಮ ಜಿಲ್ಲೆಯ ಹೆಸರನ್ನೇ ಇಟ್ಟನು. ಕರ್ನೂಲಿನ ನವಾಬರ ಹೆಸರನ್ನು ಇಂದು ಎಷ್ಟು ಮಂದಿ ಬಲ್ಲರೋ ಅರಿಯೆವು. ಖಡ್ಗಮೃಗದ ಮೂಲಕ ಕರ್ನೂಲಿನ ಹೆಸರು ಲೋಕದ ಪ್ರಾಣಿಶಾಸ್ತ್ರಜ್ಞರ ಗ್ರಂಥಗಳಲ್ಲಿ ಸೇರಿಹೋಯಿತು.

ಲಿಡೆಕ್ಕರನ ನಿರ್ಣಯಗಳಲ್ಲಿ ಕೆಲವನ್ನು ಮುಂದಿನವರು ತಿದ್ದಿದರು. ಗವಿಗಳನ್ನು ಮತ್ತೆ ಶೋಧಿಸಿ, ಪದರಗಳ ಕಾಲವನ್ನು ಹೊಸ ವಿಧಾನಗಳಿಂದ ಗೊತ್ತುಮಾಡಿದ ವಿದ್ವಾಂಸರು ೨೦೧೪ರಲ್ಲಿ ಪ್ರಕಟಿಸಿದ ಫಲಿತಾಂಶವಂತೂ ನಮ್ಮನ್ನು ಬೆರಗುಗೊಳಿಸಿತು. ಅವರು ಗುರುತಿಸಿದ ಸಸ್ತನಿಗಳು ೨೧ ಬಗೆ. ಅವುಗಳಲ್ಲಿ ೨೦ ಬಗೆಯವು ಕಡಿಮೆಯೆಂದರೂ ಒಂದು ಲಕ್ಷ ವರ್ಷಗಳಿಂದ, ಕೆಲವು ಎರಡು ಲಕ್ಷ ವರ್ಷಗಳಿಂದ, ಭರತಖಂಡದಲ್ಲಿ ಎಡೆಬಿಡದೆ ಬದುಕಿಕೊಂಡು ಬಂದಿವೆ. ಕೆಲವು ನಮ್ಮ ಸೀಮೆಯನ್ನು ತೊರೆದು ಬೇರೆ ಪ್ರಾಂತಗಳಿಗೆ ಸರಿದಿವೆ, ಅಷ್ಟೆ. ಯೂರೋಪು, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ದೊಡ್ಡ ದೊಡ್ಡ ಮೃಗಗಳು ಅಳಿದುಹೋದ ಕಾಲವೂ ಇದೇ. ಬರಗಾಲಗಳು ಬಂದವು, ಹವೆ ಬದಲಾಯಿತು, ಮನುಷ್ಯ ಬಂದು ಬೇರೂರಿದ. ಆದರೂ ಇಲ್ಲಿಯ ಮೃಗಗಳು ಉಳಿದವು. ಪೂರ್ತಿಯಾಗಿ ಕಾಣೆಯಾದುದು ಆ ಕಪಿಯೊಂದೇ. ಅದರ ಸಮೀಪಬಂಧುವಾದ ಗೆಲಾಡ ಎಂಬ ಕಪಿ ಇಂದು ಜೀವಿಸಿರುವುದು ಇಥಿಯೋಪಿಯದ ಬೆಟ್ಟಗಳಲ್ಲಿ ಮಾತ್ರ. ಆದವಾನಿಯ ಜುಮ್ಮಾ ಮಸೀದಿಯನ್ನು ಕಟ್ಟಿಸಿದ ಸಿದ್ದಿ ಮಸೂದಖಾನನು ಹಬಸಿ ಕುಲದವನು, ಅಂದರೆ ಆ ನಾಡಿನ ಮೂಲದವನು. ಅವನಿಗಿಂತ ಎಷ್ಟೋ ಸಾವಿರ ತಲೆಮಾರುಗಳ ಮುಂಚೆ ಆ ನಾಡಿನ ಕಪಿಯ ಬಳಗ ಇಲ್ಲಿ ಬಿಡಾರ ಮಾಡಿತ್ತೆಂಬುದನ್ನು ನೆನೆದು ನಾವು ನಕ್ಕಿದ್ದುಂಟು.

ಕಾಡುಮೃಗಗಳ ಮಾತನ್ನು ಇಲ್ಲಿಗೆ ತಡೆದು ಊರ ಪಶುಗಳತ್ತ ಹೊರಳೋಣ. ಅವುಗಳ ಚರಿತ್ರೆ ಬೂದಿಯಲ್ಲಿ ಅಡಗಿದೆ.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವವರು ಕುಡತಿನಿಯ ಸಮೀಪದಲ್ಲಿ ಒಂದು ದೊಡ್ಡ ಬೂದಿದಿಬ್ಬವನ್ನು ಕಾಣಬಹುದು. ಕೃಷ್ಣಾ-ತುಂಗಭದ್ರೆಗಳ ಎರಡು ಮಗ್ಗುಲಿಗೂ, ರಾಯಚೂರು, ಬಳ್ಳಾರಿ, ಕರ್ನೂಲು, ಅನಂತಪುರ, ಪಾಲಮೂರುಗಳಲ್ಲಿ, ಇಂಥ ದಿಬ್ಬಗಳು ಅನೇಕವಾಗಿವೆ. ಕೆಲವೆಡೆ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿದೆ. ಇಷ್ಟು ಬೂದಿ ಎಲ್ಲಿಂದ ಬಂತು? ಹಂಪೆಯ ಹತ್ತಿರ ನಿಂಬಾಪುರದ ದಿಬ್ಬವು ವಾಲಿಯನ್ನು ದಹನಮಾಡಿದ ಬೂದಿಯೆಂದು ಜನರ ನಂಬಿಕೆ; ಬೇರೆ ಕಡೆಗಳಲ್ಲಿ ಅದು ರಾಕ್ಷಸರ ಬೂದಿ. ಪಂಡಿತರೂ ಹಿಂದುಳಿಯಲಿಲ್ಲ. ಜ್ವಾಲಾಮುಖಿಯ ಕೆಲಸವಿರಬೇಕೆಂದರು, ಲೋಹ ಕರಗಿಸಿದ ಕಿಟ್ಟವಿರಬೇಕೆಂದರು. ವಿಜಯನಗರದ ಚರಿತ್ರೆಯನ್ನು ಲೋಕಕ್ಕೆ ತೆರೆದು ತೋರಿಸಿದ ರಾಬರ್ಟ್ ಸೀವೆಲ್ಲನಂಥವನೇ ೧೮೯೯ರಲ್ಲಿ, ಇವು ಆ ಕಾಲದ ಮಹಾಚಿತೆಗಳ ಉಳಿಕೆಯಿರಬಹುದೆಂದು ಊಹಿಸಿದನು. ಎಲ್ಲವೂ ಘನವಾದ ಊಹೆಗಳೇ! ನಿಜವೆಂದರೆ ಅದು ಸಗಣಿ.

ಗವಿಗಳನ್ನು ಅಗೆಸಿದ ಆ ಬ್ರೂಸ್ ಫೂಟನೇ ಇದು ದನದ ಸಗಣಿಯ ಬೂದಿಯೆಂದು ಮೊದಲೇ ಹೇಳಿದ್ದನು. ಆದರೆ ಅದಕ್ಕೆ ಕಿವಿಗೊಟ್ಟವರು ಕಡಿಮೆ. ಜಾಯ್ನರ್ ಎಂಬ ವಿದ್ವಾಂಸನು ೧೯೬೦ರಲ್ಲಿ ಬೂದಿಯನ್ನು ಪರೀಕ್ಷಿಸಿ ಅದು ಸಗಣಿಯದೇ ಎಂದು ಸಾರಿದನು. ಅದಕ್ಕೆ ಮೂರು ವರ್ಷಗಳ ಹಿಂದೆ, ೧೯೫೭ರಲ್ಲಿ, ಪಾಲಮೂರು ಜಿಲ್ಲೆಯ ಉಟ್ನೂರಿನ ದಿಬ್ಬವನ್ನು ಆಲ್ಚಿನ್ ಅಗೆಸಿದ್ದನು. ಅಲ್ಲಿ ದಿಬ್ಬದ ಸುತ್ತ ಕಂಬಗಳನ್ನು ನೆಟ್ಟ ಕುಳಿಗಳ ಸಾಲು ಸಿಕ್ಕಿತು. ಅದು ದನದ ದೊಡ್ಡಿ. ಬೂದಿಯ ಪದರದ ಮೇಲೆ ದನದ ಗೊರಸಿನ ಗುರುತುಗಳು ಒತ್ತಿದಂತೆಯೇ ಉಳಿದಿದ್ದವು. ಆ ದಿಬ್ಬದ ಕಾಲ ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನಕ್ಕೆ ಹೋಗುತ್ತದೆ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಒಂದು ಸಂಜೆ ದೊಡ್ಡಿಯೊಳಕ್ಕೆ ನಡೆದ ಹಸುವೊಂದರ ಹೆಜ್ಜೆಯನ್ನು ನಾವು ಇಂದು ನೋಡಬಹುದು. ಅದೇ ಕಾಲದ ಮನುಷ್ಯನ ಒಂದು ಹೆಸರೂ ನಮಗೆ ತಿಳಿಯದು. ಆದವಾನಿಗೆ ಯಾದವಗಿರಿಯೆಂಬ ಹೆಸರಿತ್ತೆಂದು ಹೇಳುವವರಿದ್ದಾರೆ. ಗೊಲ್ಲರ ಬೆಟ್ಟವೆಂಬ ಅರ್ಥವನ್ನು ಅದರಲ್ಲಿ ಓದುವುದಾದರೆ, ಈ ಸೀಮೆಗೆ ಅದು ಒಪ್ಪುವ ಹೆಸರೇ ಸರಿ.

ಸಗಣಿಯನ್ನು ಗುಡ್ಡವಾಗಿ ಒಟ್ಟಿ ಸುಟ್ಟದ್ದೇಕೆ ಎಂಬ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಹಬ್ಬಕ್ಕೋ, ವಲಸೆ ಹೊರಡುವಾಗಲೋ, ದನಗಳ ರೋಗ ಕಳೆಯಲೆಂದೋ ಸುಡುತ್ತಿದ್ದರೆಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆದವಾನಿಗೆ ದೂರವಲ್ಲದ ಆಸ್ಪರಿ ಸೀಮೆಯ ಕೈರುಪ್ಪಲ ಗ್ರಾಮದಲ್ಲಿ ಯುಗಾದಿಯ ಮರುದಿನ ವೀರಭದ್ರ-ಭದ್ರಕಾಳಿಯರ ಕಲ್ಯಾಣದ ಸಂದರ್ಭದಲ್ಲಿ ಊರವರು ಎರಡು ಪಂಗಡವಾಗಿ ನಿಂತು ಒಬ್ಬರ ಮೇಲೊಬ್ಬರು ಕುರುಳು ಎಸೆದು ಕಾದಾಡುವ ಪದ್ಧತಿಯಿದೆ. ಅದಕ್ಕೂ ಬೂದಿದಿಬ್ಬಕ್ಕೂ ಗಂಟು ಹಾಕುವ ಸಾಹಸವನ್ನು ನಾವು ಮಾಡುವುದಿಲ್ಲ. ಆದರೆ ಸಗಣಿಯೆಂದರೆ ಮೂಗು ಮುಚ್ಚಿಕೊಳ್ಳುವ ಪಟ್ಟಣಿಗರು ಒಮ್ಮೆ ಆ ಊರಿಗೆ ಹೋಗಿಬರಲಿ.

ಆ ದೊಡ್ಡಿಗಳಲ್ಲಿದ್ದ ದನ ಯಾವ ಬಗೆಯದು? ಬಳ್ಳಾರಿ ಬಳಿಯ ಕುಪ್ಪಗಲ್ಲಿನ ಬಂಡೆಗಳ ಮೇಲೆ ಪ್ರಾಚೀನರು ಕೊರೆದಿಟ್ಟ ಚಿತ್ರಗಳೇ ಉತ್ತರ ಹೇಳುತ್ತವೆ: ಉದ್ದ ಕೊಂಬು, ಬೆನ್ನ ಮೇಲೆ ಎದ್ದ ಹಿಣಿಲು. ಅದೇ ಹಿಣಿಲಿನ ಎತ್ತುಗಳನ್ನು ಹಲವು ಜೋಡಿ ಹೂಡಿ, ಎರೆಭೂಮಿಯಲ್ಲಿ ಆಳಕ್ಕೆ ಇಳಿದ ಕರಿಕೆಯ ಬೇರನ್ನು ದೊಡ್ಡ ನೇಗಿಲಿನಿಂದ ಕಿತ್ತೆಸೆಯುತ್ತಿದ್ದುದನ್ನು ನಮ್ಮ ಹಿರಿಯರು ಬಲ್ಲರು. ಇಂದು ಆ ಕೆಲಸ ಟ್ರಾಕ್ಟರಿನದು. ಜಾತ್ರೆಗಳಲ್ಲಿ ಬಂಡೆ ಎಳೆಯುವ ಪಂದ್ಯಕ್ಕೆ ಮಾತ್ರ ಒಂಗೋಲಿನ ಬಿಳಿಯ ಎತ್ತುಗಳನ್ನು ಸಾಕಿ ತರುವವರಿದ್ದಾರೆ. ಈ ಒಂಗೋಲು ಜಾತಿಯದೂ ಒಂದು ಸೋಜಿಗ. ಹತ್ತೊಂಬತ್ತನೆಯ ಶತಮಾನದಿಂದ ಹಡಗೇರಿ ಬ್ರೆಜಿಲ್ ದೇಶಕ್ಕೆ ಹೋದ ಕೆಲವೇ ದನಗಳ ಸಂತತಿ ಅಲ್ಲಿ ‘ನೆಲೋರೆ’ ಎಂಬ ಹೆಸರಿನಿಂದ ಬೆಳೆದು, ಇಪ್ಪತ್ತು ಕೋಟಿಗೂ ಮೀರಿದ ಆ ದೇಶದ ದನಗಳಲ್ಲಿ ಬಹುಪಾಲಾಗಿದೆ. ತವರಿನಲ್ಲಿಯೋ, ಅದೇ ತಳಿಯ ಜೋಡಿಯನ್ನು ನೋಡಲು ಜಾತ್ರೆಯ ತನಕ ಕಾಯಬೇಕು.

ದನದ ಸೀಮೆಯಾದರೂ ರಾಜ್ಯ ನಿಂತದ್ದು ಕುದುರೆಯ ಮೇಲೆ, ಆನೆಯ ಮೇಲೆ. ಆದವಾನಿಯು ವಿಜಯನಗರದ ಗಡಿಕಾವಲಿನ ದುರ್ಗವಾಗಿದ್ದ ಕಾಲದಲ್ಲಿ ಕುದುರೆಗಳು ಬರುತ್ತಿದ್ದುದು ಕಡಲಾಚೆಯ ಹೊರಮಜ್, ಏಡನ್ ರೇವುಗಳಿಂದ. ಸಾಳುವ ನರಸಿಂಹನು ಕುದುರೆಯನ್ನು ಬದುಕಿದ್ದರೂ ಸತ್ತಿದ್ದರೂ ಒಂದೇ ಬೆಲೆಗೆ ಕೊಳ್ಳುತ್ತಿದ್ದನೆಂದೂ, ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ಹಣ ಎಣಿಸಿಕೊಡುತ್ತಿದ್ದನೆಂದೂ ಪೋರ್ತುಗೀಸ ನೂನಿಜನು ಬರೆದಿದ್ದಾನೆ. ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು ಅರಸನು ಕೊಳ್ಳುತ್ತಿದ್ದನೆಂಬುದೂ ಅವನ ಲೆಕ್ಕವೇ. ಬಾಲಕ್ಕೆ ಹಣ ಕೊಟ್ಟುದು ಹುಚ್ಚುತನವೆಂದು ನಗುವವರು ನಗಲಿ; ನಷ್ಟದ ಭಯವಿಲ್ಲದಿದ್ದರೆ ಮಾತ್ರ ವ್ಯಾಪಾರಿ ಮತ್ತೆ ಹಡಗೇರುತ್ತಾನೆ ಎಂಬುದನ್ನು ಆ ಅರಸನು ಬಲ್ಲವನಾಗಿದ್ದನು ಎಂದೇ ನಮ್ಮ ಮತ. ನೂನಿಜನು ಹೇಳುವ ಇನ್ನೊಂದು ಸಂಗತಿ ಕೆಲವರಿಗೆ ರುಚಿಸದಿರಬಹುದು: ರಾಜಧಾನಿಯ ಅಂಗಡಿಗಳಲ್ಲಿ ಕುರಿ, ಮೊಲ, ಕವುಜುಗಗಳ ಜತೆಗೆ ಗುಬ್ಬಿ, ಇಲಿ, ಬೆಕ್ಕು, ಹಲ್ಲಿಯ ಜಾತಿಯವೂ ಆಹಾರಕ್ಕಾಗಿ ಮಾರಾಟವಾಗುತ್ತಿದ್ದವು. ಕೊಳ್ಳುವವನಿಗೆ ತಾನೇನು ಕೊಳ್ಳುತ್ತಿದ್ದೇನೆಂದು ತಿಳಿಯುವಂತೆ ಎಲ್ಲವನ್ನೂ ಜೀವಂತವಾಗಿಯೇ ಮಾರಬೇಕೆಂಬ ಕಟ್ಟಳೆಯಿತ್ತು.

ಆನೆಗಳ ಭೋಗವೇ ಬೇರೆ. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು ಅವುಗಳ ಊಟವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಖಿಚಡಿ ಬೇಯಿಸಿ, ಉಪ್ಪು ಚಿಮುಕಿಸಿ, ಸಕ್ಕರೆ ಬೆರೆಸಿ, ದೊಡ್ಡ ಉಂಡೆ ಕಟ್ಟಿ, ಬೆಣ್ಣೆಯಲ್ಲಿ ಅದ್ದಿ ಬಾಯಿಗಿಡುತ್ತಿದ್ದರಂತೆ. ಒಂದು ಸಾಮಗ್ರಿ ಮರೆತರೂ ಆನೆ ಮಾವಟಿಗನ ಮೇಲೆ ಬೀಳುತ್ತಿತ್ತಂತೆ! ಅದೇ ವರ್ಷ ಎರೆಹೊಲದ ರೈತನ ತಟ್ಟೆಯಲ್ಲಿ ಏನಿತ್ತೆಂದು ರಜಾಕನು ವಿಚಾರಿಸಲಿಲ್ಲ.

ಈಗ ಮತ್ತೆ ಬಯಲಿಗೆ ಬರೋಣ. ಕಾಡಿಲ್ಲದ ಕಡೆ ಮೃಗವಿಲ್ಲವೆಂಬ ನಮ್ಮ ಭ್ರಮೆಯನ್ನು ಬಿಡಿಸಿದ್ದು ಕೃಷ್ಣಮೃಗ, ನಮ್ಮವರ ಚಿಗರೆ, ತೆಲುಗರ ಜಿಂಕ. ಅದು ಕಾಡನ್ನು ಒಲ್ಲದು. ಕಣ್ಣಿಗೆ ತಡೆಯಿಲ್ಲದ ಹುಲ್ಲುಬಯಲೇ ಅದಕ್ಕೆ ಬೇಕು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೃಗಬೇಟೆಯ ಬಗೆಗಳಿಗೆ ದೊಡ್ಡ ಪ್ರಕರಣವೇ ಇದೆ. ಪಳಗಿಸಿದ ಚಿಗರೆಯನ್ನು ಹಿಂಡಿನತ್ತ ಬಿಟ್ಟು ಕಾಡುಚಿಗರೆಯನ್ನು ಮರುಳುಮಾಡುವುದು ಒಂದು ಉಪಾಯ. ಪಳಗಿಸಿದ ಚೀತಾವನ್ನು ಬಿಟ್ಟು ಹಿಡಿಸುವುದು ಇನ್ನೊಂದು. ಚೀತಾದಿಂದ ಬೇಟೆಯಾಡಿಸುವ ವಿಷಯಕ್ಕೆ ನಮ್ಮ ದೇಶದಲ್ಲಿ ದೊರೆತಿರುವ ಅತ್ಯಂತ ಹಳೆಯ ಬರಹ ಇದೇ ಎಂದು ಚೀತಾದ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ದೆಹಲಿ ಆಗ್ರಾಗಳ ಬಾದಶಹರ ವಿನೋದವೆಂದು ನಾವು ತಿಳಿದಿದ್ದ ಬೇಟೆಯನ್ನು ಮೊದಲು ಬರಹಕ್ಕೆ ಇಳಿಸಿದವನು ಒಬ್ಬ ಕರ್ಣಾಟಕದ ಅರಸ!

ಆ ಚೀತಾದ ಗತಿ ಏನಾಯಿತೆಂಬುದು ಪ್ರಸಿದ್ಧವಾಗಿದೆ. ಸೆರೆಯಲ್ಲಿ ಅದು ಮರಿಹಾಕುವುದು ಬಹು ಅಪರೂಪ. ಒಮ್ಮೆ ಹಾಗಾದುದನ್ನು ಜಹಾಂಗೀರನು ಅದ್ಭುತವೆಂದು ತನ್ನ ದಿನಚರಿಯಲ್ಲಿ ಬರೆಯಿಸಿದನು. ಆದಕಾರಣ ಅರಮನೆಗೆ ಬೇಕಾದ ಪ್ರತಿಯೊಂದು ಚೀತಾವನ್ನೂ ಬಯಲಿನಿಂದಲೇ ಹಿಡಿದು ತರಬೇಕಾಯಿತು. ಮದರಾಸಿನ ಗವರ್ನರ್ ಪಿಗಟ್ಟನು ಒಂದನ್ನು ಇಂಗ್ಲೆಂಡಿಗೂ ಒಯ್ದನು. ೧೭೬೪ರಲ್ಲಿ ವಿಂಡ್ಸರ್ ಉದ್ಯಾನದಲ್ಲಿ ಅದನ್ನು ಸಾರಂಗವೊಂದರ ಮೇಲೆ ಬಿಟ್ಟಾಗ ಸಾರಂಗವೇ ಅದನ್ನು ಕೊಂಬಿನಿಂದ ಅಟ್ಟಿತು. ೧೯೫೨ರಲ್ಲಿ ಭಾರತ ಸರಕಾರವು ಚೀತಾ ನಮ್ಮ ದೇಶದಿಂದ ಅಳಿಯಿತೆಂದು ಸಾರಿತು. ೨೦೨೨ರ ಸೆಪ್ಟೆಂಬರಿನಲ್ಲಿ ಮಧ್ಯಪ್ರದೇಶದ ಕುನೋದಲ್ಲಿ ಬಿಡಲಾದವು ನಮೀಬಿಯದಿಂದ ವಿಮಾನದಲ್ಲಿ ಬಂದವು.

ಬೆನ್ನಟ್ಟುವ ಚೀತಾ ಇಲ್ಲವಾಯಿತು. ತೋಳ ಇನ್ನೂ ಅಲ್ಲಲ್ಲಿ ಉಳಿದಿದೆಯಾದರೂ ಅದು ಹೆಚ್ಚಾಗಿ ಕುರುಬರ ಕುರಿಮಂದೆಯ ಹಿಂದೆಯೇ ಸುಳಿಯುತ್ತದೆ. (ತುಂಗಭದ್ರೆಯ ಆಚೆ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ಅಭಯಾರಣ್ಯವಿದೆ. ಕುರಿಗಾರನೂ ತೋಳನೂ ಒಂದೇ ಬಯಲನ್ನು ಹಂಚಿಕೊಂಡು ಬಂದ ಕಥೆಗೆ ಬೇರೊಂದು ಲೇಖನ ಬೇಕು.) ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಚಿಗರೆಯನ್ನು ಮೊದಲನೆಯ ಪರಿಚ್ಛೇದದಲ್ಲಿ ಸೇರಿಸಿ ಅದರ ಬೇಟೆಯನ್ನು ಅಪರಾಧವಾಗಿಸಿತು. ಇಂದು ಆಂಧ್ರಪ್ರದೇಶದ ರಾಜ್ಯಮೃಗವೂ ಅದೇ. ಹುಲ್ಲುಗಾವಲುಗಳೋ ಒಂದೊಂದಾಗಿ ನೇಗಿಲಿಗೆ ಸಿಕ್ಕವು. ಹೀಗೆ ಹುಲ್ಲು ಹೋಗಿ ಹಿಂಡು ಉಳಿದ ಮೇಲೆ ಅದು ಎಲ್ಲಿ ಮೇಯಬೇಕು? ಆದವಾನಿ, ಆಲೂರು, ಆಸ್ಪರಿ, ಪೆದ್ದಕಡುಬೂರುಗಳ ಎರೆಹೊಲಗಳಲ್ಲಿ ಮೊಳಕೆಯೊಡೆದ ಶೇಂಗಾ, ಕಡಲೆ, ಜೋಳ, ಹತ್ತಿಗಳ ಮೇಲೆ ಹಿಂಡು ಇಳಿದ ಬೆಳಗ್ಗೆ ಹೊಲದೊಡೆಯನ ಮುಖವನ್ನು ನೋಡಿದವರಿಗೆ ಮೃಗದಯೆಯ ಮಾತು ಸುಲಭವಾಗಿ ಬಾಯಿಗೆ ಬಾರದು. ಮೇಯುವುದಕ್ಕಿಂತ ತುಳಿದು ಹಾಳುಮಾಡುವುದೇ ಹೆಚ್ಚೆಂದು ರೈತರು ಹೇಳುತ್ತಾರೆ. ಮಳೆ ಬಿದ್ದದ್ದೇ ಒಂದು ಸಲ, ಸಾಲ ತಂದು ಬಿತ್ತಿದ ಬೀಜ ಒಂದೇ ಸಲ. ಮತ್ತೆ ಬಿತ್ತುವ ಹೊತ್ತಿಗೆ ಹದ ಹೋಗಿರುತ್ತದೆ. ಚಿಗರೆಯ ಮೈಮೇಲೆ ಕೈಮಾಡಿದರೆ ಸೆರೆಮನೆ, ಮಾಡದಿದ್ದರೆ ಸಾಲ. ರಾತ್ರಿಯೆಲ್ಲ ಹೊಲದಲ್ಲಿ ಡಬ್ಬ ಬಡಿಯುತ್ತ ಎಚ್ಚರವಿರುವುದೊಂದೇ ಅವರಿಗೆ ಉಳಿದ ಉಪಾಯ. ಮೃಗವನ್ನು ಉಳಿಸುವ ವೆಚ್ಚವನ್ನು ದೇಶವೆಲ್ಲ ಹೊರಬೇಕಲ್ಲದೆ ನಾಲ್ಕೆಕರೆಯ ಒಕ್ಕಲಿಗನೊಬ್ಬನ ತಲೆಗೆ ಕಟ್ಟುವುದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಚಿಗರೆ ಹೆಚ್ಚಿದ ಬಯಲಿನಲ್ಲಿಯೇ ಮತ್ತೊಂದು ಜೀವ ಸದ್ದಿಲ್ಲದೆ ಜಾರಿಹೋಯಿತು. ಅದು ಸಸ್ತನಿಯಲ್ಲ, ಹಕ್ಕಿ. ಗಂಡು ಹಕ್ಕಿ ಹದಿನೈದು ಕಿಲೋ ತೂಗಬಲ್ಲದು. ಹಾರುವ ಹಕ್ಕಿಗಳಲ್ಲಿ ಅಷ್ಟು ಭಾರವಾದವು ಲೋಕದಲ್ಲಿ ಕೆಲವೇ. ಹೆಣ್ಣು ನೆಲದ ಮೇಲೆಯೇ, ಗೂಡೂ ಕಟ್ಟದೆ, ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ರಾಷ್ಟ್ರಪಕ್ಷಿಯನ್ನು ಆರಿಸುವ ಚರ್ಚೆ ನಡೆದಾಗ ಸಲೀಂ ಅಲಿಯವರು ಇದರ ಪಕ್ಷವಹಿಸಿದ್ದರು. ೧೯೬೩ರಲ್ಲಿ ಆ ಗೌರವ ನವಿಲಿಗೆ ಸಂದಿತು. ಈ ಹಕ್ಕಿಯ ಇಂಗ್ಲಿಷ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಬೈಗುಳವಾಗುತ್ತದೆಂಬ ಅಂಜಿಕೆಯೂ ಅದಕ್ಕೊಂದು ಕಾರಣವೆಂದು ಹೇಳುವುದುಂಟು. ೧೯೮೦ರ ದಶಕದಲ್ಲಿ ನಂದಿಕೊಟ್ಕೂರಿನ ಕಡೆಯ ರೊಳ್ಳಪಾಡಿನ ಹುಲ್ಲುಬಯಲಿನಲ್ಲಿ ಈ ಹಕ್ಕಿಗಳು ಇರುವುದು ತಿಳಿದು, ಬೊಂಬಾಯಿಯ ನಿಸರ್ಗ ಚರಿತ್ರೆಯ ಸಂಘದವರು ಅಲ್ಲಿಯೇ ತಂಗಿ ಅವುಗಳನ್ನು ಅಭ್ಯಸಿಸಿದರು. ೧೯೮೮ರಲ್ಲಿ ೬೧೪ ಹೆಕ್ಟೇರು ನೆಲವನ್ನು ಅಭಯಾರಣ್ಯವೆಂದು ಸಾರಲಾಯಿತು. ರಕ್ಷಣೆ ದೊರೆತಲ್ಲಿ ಚಿಗರೆ ಹೆಚ್ಚಿತು. ಸುತ್ತಲ ಹುಲ್ಲು ಹೊಲವಾಯಿತು, ಒಣಬೇಸಾಯವಿದ್ದಲ್ಲಿ ನೀರಾವರಿ ಬಂತು. ಯಾರಿಗಾಗಿ ಆ ಅಭಯಾರಣ್ಯವಾಯಿತೋ ಆ ಹಕ್ಕಿ ವರ್ಷವರ್ಷಕ್ಕೆ ಕಡಿಮೆಯಾಗಿ, ಕೊನೆಗೆ ಕಣ್ಣಿಗೆ ಬೀಳದಾಯಿತು. ದೇಶದಲ್ಲೆಲ್ಲ ಈಗ ಇನ್ನೂರಕ್ಕಿಂತ ಕಡಿಮೆ ಉಳಿದಿವೆ, ಅವುಗಳಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿವೆ. ಲಕ್ಷ ವರ್ಷಗಳ ಬರ-ಬೆಂಕಿಗಳನ್ನು ದಾಟಿಬಂದ ಮೃಗಗಳ ನೆಲದಲ್ಲಿಯೇ ಈ ಹಕ್ಕಿ ಮರೆಯಾಗಲು ಸಾಕಾದುದು ನಮ್ಮ ಒಂದು ತಲೆಮಾರು.

ಆದವಾನಿಯಿಂದ ಪಶ್ಚಿಮಕ್ಕೆ, ರಾಜ್ಯದ ಎಲ್ಲೆಯ ಆಚೆ, ಸಿರುಗುಪ್ಪೆಯ ಎರೆಬಯಲಿನಲ್ಲಿ ಬೆರಳೆಣಿಕೆಯಷ್ಟು ಹಕ್ಕಿಗಳು ಈಚಿನ ವರ್ಷಗಳಲ್ಲಿಯೂ ಕಂಡುಬಂದಿವೆ. ಆ ಬಯಲಿಗೂ ಈ ಬಯಲಿಗೂ ನಡುವೆ ೧೯೫೩ರ ಗೆರೆಯಲ್ಲದೆ ಬೇರೆ ಅಡ್ಡಿಯಿಲ್ಲ. ಹಕ್ಕಿ ಒಂದು ಹಾರಿಕೆಗೆ ಅದನ್ನು ದಾಟಬಲ್ಲದು. ಈಚೆಯ ತೆಲುಗರು ಅದನ್ನು ಬಟ್ಟಮೇಕ ಎನ್ನುತ್ತಾರೆ. ಮೇಕ ಎಂದರೆ ಮೇಕೆ. ಆಚೆಯ ಕನ್ನಡಿಗರು ಎರೆಭೂತವೆನ್ನುತ್ತಾರೆ. ಮುಂಗಾರಿನ ಹೊತ್ತಿಗೆ ಗಂಡು ಹಕ್ಕಿ ಕೊರಳ ಚೀಲವನ್ನು ಉಬ್ಬಿಸಿ ಹೂಂಕರಿಸಿದರೆ ಆ ದನಿ ಬಹುದೂರ ಕೇಳುವುದಂತೆ. ನಾವು ಇದುವರೆಗೆ ಕೇಳಿಲ್ಲ. ಬರುವ ಮಳೆಗಾಲದಲ್ಲಿ ಸಿರುಗುಪ್ಪೆಯ ಕಡೆ ಹೋಗುವವರು ಯಾರಾದರೂ ಕೇಳಿದರೆ, ಈ ಪತ್ರಿಕೆಗೆ ಎರಡು ಸಾಲು ಬರೆದು ಕಳುಹಿಸಲಿ.